ಹುಂಜ ತಂದ ಹಾಗೆ ತಂದ ಮೀನು

ಪುಟ್ಟಿ, ಚಿನ್ನು, ಇದನ್ನು ನಿಮ್ಮನ್ನು ಎದುರಿಗೆ ಕೂರಿಸಿಕೊಂಡೇ ಹೇಳಬಹುದಿತ್ತು. ಒಂದೇ ಮನೆಯಲ್ಲಿದ್ದೇವೆ. ಆದರೆ ನನಗೆ ಮಾತು ಬೇಗ ಬರುವುದಿಲ್ಲ. ನೀವು ಶಾಲೆ, ಟ್ಯೂಷನ್ ಮುಗಿಸಿ ಬರುವಷ್ಟರಲ್ಲಿ ಹೇಳಬೇಕೆಂದುಕೊಂಡದ್ದು ಒಳಗೇ ಉಳಿದುಬಿಡುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ.

ನಡುಮನೆಯಲ್ಲಿರುವ ಉಪ್ಪುನೀರಿನ ಮೀನುತೊಟ್ಟಿ ನಿಮ್ಮ ತಾತನದು. ಅದರಲ್ಲಿರುವುದು ರಾಸ್ ಎಂಬ ಸಮುದ್ರದ ಮೀನು, ಎಲ್ಲ ಒಂದೇ ಜಾತಿಯವು. ಅವರಿದ್ದಾಗ ಬೆನ್ನಿನ ರೆಕ್ಕೆ ಎತ್ತಿ ಮೆರೆಯುವ ಕೆಂಪು ಗಂಡು ಒಂದಿತ್ತು, ಮಾಸಲು ಗುಲಾಬಿಯ ಹೆಣ್ಣುಗಳು ಮೂರಿದ್ದವು. ಅವರು ಬಕೆಟ್ಟಿನಲ್ಲಿ ಉಪ್ಪು ಕದಡಿ ಅಳತೆ ನೋಡಿ, "ನೋಡೇ, ನಿನ್ನ ಸಾರಿಗಿಂತ ಇದಕ್ಕೇ ಉಪ್ಪು ಸರಿಯಾಗಿ ಬಿದ್ದಿದೆ" ಎನ್ನುತ್ತಿದ್ದರು.

"ಹಂಗಾರೆ ಅದನ್ನೇ ಅನ್ನಕ್ಕೆ ಕಲಸ್ಕೊಳಿ" ಎಂದು ನಾನು ಅಡುಗೆಮನೆಯಿಂದಲೇ ಹೇಳುತ್ತಿದ್ದೆ. ಅವರ ಮುಂದೆ ಮಾತ್ರ ನನಗೆ ಬಾಯಿತ್ತು.

ಅವರು ತೀರಿಹೋದ ಮೇಲೆ ಮೀನಿಗೆ ಊಟ ಹಾಕುವ ಕೆಲಸ ನನಗೆ ಬಂತು. ಬೆಳಿಗ್ಗೆ ನೀವೆಲ್ಲ ಹೊರಟು ಬಾಗಿಲು ಹಾಕಿಕೊಂಡರೆ ಮನೆಯಲ್ಲಿ ತೊಟ್ಟಿಯ ಮೋಟಾರಿನ ಸದ್ದೊಂದೇ. ಸಂಜೆಯವರೆಗೆ ಒಂದು ಮಾತೂ ಆಡದ ದಿನಗಳಿದ್ದವು. ಗಂಟಲು ಕಟ್ಟಿಹೋಗಿದೆಯೋ ಏನೋ ಎಂದು ಸುಮ್ಮನೆ ಕೆಮ್ಮಿ ನೋಡಿಕೊಳ್ಳುತ್ತಿದ್ದೆ.

ಒಂದು ಬೆಳಿಗ್ಗೆ ತೊಟ್ಟಿಯ ಬಲೆಮುಚ್ಚಳ ಸರಿದಿತ್ತು. ಗಂಡು ಹೊರಗೆ ಹಾರಿ ಸ್ಟ್ಯಾಂಡಿನ ಕಾಲ ಬಳಿ ಒಣಗಿ ಬಿದ್ದಿತ್ತು.

"ಇನ್ನು ಇದನ್ನೆಲ್ಲ ಯಾರಮ್ಮ ನೋಡ್ಕೊಳ್ಳೋದು? ಯಾರಿಗಾದ್ರೂ ಕೊಟ್ಬಿಡೋಣ. ಇನ್ನೊಂದು ಸತ್ರೆ ನೀನೇ ಅಳ್ತಾ ಕೂತ್ಕೋತೀಯ" ಎಂದ ನಿಮ್ಮ ಅಪ್ಪ.

ಕೊಡುವುದು ಬೇಡ ಎನ್ನಲು ನನ್ನಿಂದ ಆಗಲಿಲ್ಲ. ಇನ್ನೊಂದು ಸಾಯದ ಹಾಗೆ ನೋಡಿಕೊಂಡರೆ ಆ ಮಾತು ಮತ್ತೆ ಬರುವುದಿಲ್ಲ ಎಂದುಕೊಂಡೆ.

ಕೆಲವು ವಾರಗಳಲ್ಲಿ ಹೆಣ್ಣುಗಳ ಪೈಕಿ ದೊಡ್ಡದು ಬದಲಾಗತೊಡಗಿತು. ಮೈ ಕೆಂಪೇರಿತು. ರೆಕ್ಕೆ ಎತ್ತಿ ಉಳಿದೆರಡನ್ನು ಅಟ್ಟಿಸಿಕೊಂಡು ತಿರುಗುತ್ತಿತ್ತು. ಇದೇನೋ ಅಪಶಕುನ ಎನಿಸಿತು. ನಮ್ಮೂರಿನಲ್ಲಿ ಹೇಂಟೆ ಹುಂಜದ ಹಾಗೆ ಕೂಗಿದರೆ ಮನೆಗೆ ಆಗದು ಎಂದು ಅವತ್ತೇ ಸಾಗಹಾಕುತ್ತಿದ್ದರು. ಹುಂಜವಿಲ್ಲದ ಗೂಡಿನಲ್ಲಿ ಹಾಗಾಗುತ್ತದೆಂದು ನನ್ನ ಅವ್ವ ಮಾತ್ರ ಪಕ್ಕದ ಮನೆಯಿಂದ ಒಂದು ಹುಂಜ ತಂದು ಬಿಡುತ್ತಿದ್ದಳು. ನನಗೆ ತಿಳಿದದ್ದು ಅಷ್ಟೇ. ಯಾರಿಗೂ ಹೇಳದೆ ಆಟೊ ಹತ್ತಿ ಚಾಮರಾಜಪೇಟೆಯ ಮೀನಿನ ಅಂಗಡಿಗೆ ಹೋಗಿ ಕೆಂಪು ಗಂಡನ್ನು ಬೆರಳಲ್ಲಿ ತೋರಿಸಿದೆ.

"ಮನೇಲಿ ಇದೇ ಜಾತಿ ಗಂಡಿದೆಯಾಮ್ಮ?" ಎಂದು ಅಂಗಡಿಯಾತ ಕೇಳಿದ.

"ಇಲ್ಲ" ಎಂದೆ. ಬಣ್ಣ ಬದಲಾದ ಹೆಣ್ಣಿನ ವಿಷಯ ಅವನ ಮುಂದೆ ಎತ್ತಲು ನಾಚಿಕೆಯಾಯಿತು.

ನಿಮ್ಮ ತಾತ ಹೊಸ ಮೀನನ್ನು ಮೊದಲು ತೂತುಗಳಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ತೊಟ್ಟಿಯೊಳಗೆ ನೇತುಹಾಕುತ್ತಿದ್ದರು, ಹಳಬರು ಹೊಸಬರು ಮುಖ ನೋಡಿಕೊಳ್ಳಲಿ ಎಂದು. ನಾನೂ ಹಾಗೇ ಮಾಡಿದೆ. ದೊಡ್ಡ ಹೆಣ್ಣು ಬಂದು ಬಂದು ಡಬ್ಬಿಗೆ ಗುದ್ದುತ್ತಿತ್ತು. ಮಾತಾಡಿಸುತ್ತಿದೆ ಎಂದುಕೊಂಡೆ. ಮಾರನೆಯ ದಿನ ನೀವೆಲ್ಲ ಹೋದ ಮೇಲೆ ಹೊಸದನ್ನು ತೊಟ್ಟಿಗೆ ಬಿಟ್ಟೆ.

ಹೊಸದೂ ದೊಡ್ಡ ಹೆಣ್ಣೂ ಒಂದರ ಮೇಲೊಂದು ಬಿದ್ದವು. ದೊಡ್ಡದರ ಬಾಲದ ರೆಕ್ಕೆ ಹರಿಯಿತು. ಹೊಸದು ಕಲ್ಲಿನ ಸಂದಿಗೆ ನುಗ್ಗಿದರೂ ದೊಡ್ಡದು ಬಿಡಲಿಲ್ಲ. ಸೆರಗು ಸಿಕ್ಕಿಸಿಕೊಂಡು, ಮೊಣಕೈವರೆಗೆ ಕೈಯನ್ನು ನೀರಿಗಿಳಿಸಿ, ಕೈಬಲೆಯಲ್ಲಿ ಹೊಸದನ್ನು ಹಿಡಿದೆ. ಕೂಗಿ ಕರೆಯಲು ಯಾರೂ ಇರಲಿಲ್ಲ. ಅದನ್ನು ನೀರಿನ ಕವರಿನಲ್ಲಿ ಹಾಕಿಕೊಂಡು ಅದೇ ಅಂಗಡಿಗೆ ಓಡಿದೆ.

"ಗಂಡಿಲ್ಲ ಅಂದ್ರಲ್ಲಮ್ಮ?"

"ಇಲ್ಲ. ಅದು ಹೆಣ್ಣೇ. ಈಗ ಕೆಂಪಗಾಗಿದೆ. ಏನೋ ಕೆಟ್ಟದ್ದು ಅಂದ್ಕೊಂಡೆ."

ಆತ ನಕ್ಕ. "ಕೆಟ್ಟದ್ದೇನಿಲ್ಲ. ಗಂಡು ಹೋದ್ರೆ ಈ ಮೀನಲ್ಲಿ ದೊಡ್ಡ ಹೆಣ್ಣೇ ಗಂಡಾಗ್ಬಿಡತ್ತೆ. ಒಂದು ತೊಟ್ಟೀಲಿ ಇಬ್ರು ಯಜಮಾನ್ರನ್ನ ಬಿಟ್ರೆ ಜಗಳ ಆಡ್ದೆ ಭಜನೆ ಮಾಡ್ತಾರಾ? ಮೊದ್ಲೇ ಹೇಳ್ಬಾರ್ದಾ?"

"ನಾಚಿಕೆ ಆಯ್ತು."

"ಮೀನಿನ ವಿಷ್ಯಕ್ಕಾ?"

ನನಗೂ ನಗು ಬಂತು. ಹೊರಗಿನವರ ಮುಂದೆ ನಕ್ಕು ಎಷ್ಟು ಕಾಲವಾಗಿತ್ತೋ. "ಇನ್ನು ಆ ಮೂರೂ ಒಟ್ಟಿಗೆ ಇರ್ತಾವಾ?" ಎಂದು ಕೇಳಿದೆ.

"ಇರ್ತಾವೆ ಬಿಡಿ. ಬಾಲ ಮತ್ತೆ ಬೆಳೆಯತ್ತೆ. ಮುಂದೆ ಸೇರಿಸೋದಾದ್ರೆ ಚಿಕ್ಕ ಹೆಣ್ಣು ತಗೊಂಡು ಹೋಗಿ."

ಅವತ್ತು ಸಂಜೆ ನಿಮ್ಮ ಅಪ್ಪ ಶೂ ಬಿಚ್ಚುತ್ತಿದ್ದಾಗಲೇ ಹೇಳಿಬಿಟ್ಟೆ, "ಮೀನು ಯಾರಿಗೂ ಕೊಡೋದು ಬೇಡ ಕಣೋ. ನಾನು ನೋಡ್ಕೋತೀನಿ."

"ಸರಿ ಬಿಡಮ್ಮ. ಇಷ್ಟು ಹೇಳೋಕೆ ಇಷ್ಟು ದಿನ ಬೇಕಾಯ್ತಾ?" ಎಂದು ಅವನು ಮುಖ ತೊಳೆಯಲು ಹೋದ.

ಈಗ ಮೂರೂ ಚೆನ್ನಾಗಿವೆ. ಮನೆ ಮಾತ್ರ ಹಗಲೆಲ್ಲ ಮೊದಲಿನ ಹಾಗೆಯೇ ಖಾಲಿ ಇದೆ. ಗಾಜಿನ ಹತ್ತಿರ ಕೂತರೆ ಅವು ಬಾಯಿ ಆಡಿಸುತ್ತವೆ, ಅದು ಊಟಕ್ಕೆ. ನನಗದು ಗೊತ್ತು, ಆದರೂ ಕೂರುತ್ತೇನೆ.

ಮುಂದೊಂದು ದಿನ ಈ ದೊಡ್ಡದೂ ಹೋಗುತ್ತದೆ, ಉಳಿದವುಗಳಲ್ಲಿ ಒಂದು ಕೆಂಪಗಾಗುತ್ತದೆ. ಆಗ ನಾನಿಲ್ಲದಿದ್ದರೆ ಹೆದರಬೇಡಿ, ಗಂಡು ತರಲು ಓಡಬೇಡಿ, ಅದನ್ನು ಅದರ ಪಾಡಿಗೆ ಬಿಡಿ. ನೀರು ತಾಗದಿರಲೆಂದು ಈ ಹಾಳೆಗಳನ್ನು ಕವರಿನಲ್ಲಿ ಸುತ್ತಿ ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಇಡುತ್ತಿದ್ದೇನೆ. ಮನೆ ಬದಲಾಯಿಸಿದರೂ ಇವನ್ನು ರದ್ದಿಗೆ ಹಾಕದೆ ಜೋಪಾನ ಮಾಡಿ, ಮಕ್ಕಳೇ.