ಗಂಡು ನಾಗರದ ಹೊಟ್ಟೆಯ ಮೊಟ್ಟೆಗಳು

ಚಿನ್ನದ ಗಣಿಯೂರು ಚಾಂಪಿಯನ್ ರೀಫ್ಸ್‌ನ ಆಸ್ಪತ್ರೆಯಲ್ಲಿ ನಾನು ಗುಮಾಸ್ತನಾಗಿದ್ದಾಗ ಅಲ್ಲಿನ ಡಾಕ್ಟರು ಸುತ್ತಲಿನ ಹಾವುಗಳನ್ನು ಸೀಸೆಯಲ್ಲಿಟ್ಟು, ಲ್ಯಾಟಿನ್ ಹೆಸರು ಬರೆಸಿ ಮ್ಯೂಸಿಯಮ್ಮಿಗೆ ಕಳಿಸುತ್ತಿದ್ದರು. ಕೇರೆ ಹಾವು ತಂದವರೆಲ್ಲ, ಕನ್ನಡದವರಾಗಲಿ ತೆಲುಗು ತಮಿಳಿನವರಾಗಲಿ, ಅದನ್ನು ಗಂಡು ನಾಗರವೆಂದೇ ಬರೆಸುತ್ತಿದ್ದರು. ಹೀಗಾಗಿ ಪಟ್ಟಿಯಲ್ಲಿ ಕೇರೆಯೇ ಇರಲಿಲ್ಲ. ಕೇರೆಯೂ ನಾಗರವೂ ಬೇರೆ ಬೇರೆ ಜಾತಿಯೆಂದು ನನ್ನಜ್ಜಿ ಹೇಳಿದ್ದಳು. ನಾನದನ್ನು ತಿಳಿಸಿದಾಗ ಡಾಕ್ಟರು, "ಶನಿವಾರ ಪಟ್ಟಿ ಹೋಗುತ್ತದೆ. ಅಷ್ಟರಲ್ಲಿ ಸಾಬೀತು ಮಾಡಿ ತೋರಿಸು" ಎಂದರು.

ಶುಕ್ರವಾರ ಗಣಿಯ ಮುದುಕನೊಬ್ಬ ಸತ್ತ ಕೇರೆಯನ್ನು ಕೋಲಿಗೆ ಸುತ್ತಿ ತಂದ.

"ಬರ್ಕೊಳ್ಲಾ, ನಾಗರದ ಗಂಡು."

"ನಮ್ಮಜ್ಜಿ ಅಲ್ಲ ಅಂತಾಳೆ, ಮಾವ."

"ನಿಮ್ಮಜ್ಜಿ ಏನು ಅವುಗಳ ಮದ್ವೆಗೆ ಓಗಿದ್ಲಾ?"

ಸ್ಪಿರಿಟ್ಟು ಒಳಗಿಳಿಯಲೆಂದು ಕಾಂಪೌಂಡರು ಹಾವಿನ ಹೊಟ್ಟೆ ಸೀಳಿದರು. ಒಳಗೆ ಬೆಳ್ಳನೆಯ ಮೊಟ್ಟೆಗಳು ಸಾಲಾಗಿ ಕೂತಿದ್ದವು.

"ಗಂಡಿಗೂ ಬಸುರಾ, ಮಾವ?" ಎಂದೆ.

ಅವನು ಬಗ್ಗಿ ನೋಡಿದ, ಮತ್ತೊಮ್ಮೆ ನೋಡಿದ. ಡಾಕ್ಟರು ಆಗಲೇ ಹಳೆಯ ಸೀಸೆಗಳನ್ನೂ ಇಳಿಸಿ, ಗಂಡು ನಾಗರವೆಂಬ ಚೀಟಿಗಳನ್ನು ಕಿತ್ತು, ಎಲ್ಲಕ್ಕೂ ಕೇರೆಯ ಒಂದೇ ಲ್ಯಾಟಿನ್ ಹೆಸರನ್ನು ನನ್ನ ಕೈಯಲ್ಲೇ ಬರೆಸಿದರು. ಅಂದು ನನ್ನ ಅಕ್ಷರ ಎಂದಿಗಿಂತ ದಪ್ಪಗೆ ಬಂತು.

ಬಾಗಿಲಲ್ಲೇ ನಿಂತಿದ್ದ ಮುದುಕ, "ನಿಮ್ಮಜ್ಜಿಗೆ ಏಳ್ಲಾ," ಎಂದ, "ಮದ್ವೆಗೆ ನಾನೇ ಓಗಿರ್ಲಿಲ್ಲ ಅಂತ."