ರೊಟ್ಟಿ ತಾಟಿನಲ್ಲಿ ಹೋದ ಪುಡಿ

ನನ್ನ ಸೊಸೆ ಆ ಕಂಪನಿಗೆ ಸೇರಿದ್ದು ನನಗೆ ಗೊತ್ತಾದದ್ದು ಚಹಾದಿಂದ. ಒಂದು ಮುಂಜಾನೆ ಬಟ್ಟಲು ಬಾಯಿಗಿಟ್ಟರೆ ಹುಲ್ಲು ಕುದಿಸಿದ ನೀರಿನ ರುಚಿ ಬಂತು.

"ಏನಿದು?" ಅಂದೆ.

"ಇದು ಚಾ ಅಲ್ರಿ ಅತ್ತಿ. ಕಂಪನಿ ಪುಡಿ. ಆರೋಗ್ಯಕ್ಕ ಚಲೋ."

"ಎಮ್ಮಿ ಮುಂದ ಇಡು. ಅದಕ್ಕ ಈ ರುಚಿ ಸೇರತೈತಿ."

ಸೊಸೆ ನಗಲಿಲ್ಲ. ನನ್ನ ಅನುಮಾನ ಶುರುವಾದದ್ದು ಅಲ್ಲಿಂದ. ಅವಳು ನಗುವ ಹೆಂಗಸು, ನಾನು ಒಂದು ಅಂದರೆ ಎರಡು ಅನ್ನುವವಳು. ಆ ದಿನ ಮಾತ್ರ ಸಾಲಿಯ ಮಕ್ಕಳು ಪಾಠ ಒಪ್ಪಿಸುವ ಹಾಗೆ ನಿಂತು ಹೇಳಿದಳು: ರಕ್ತ ಶುದ್ಧವಾಗುತ್ತದೆ, ಮೊಣಕಾಲು ನೋವು ಹೋಗುತ್ತದೆ, ಸಕ್ಕರೆ ಕಾಯಿಲೆ ಇಳಿಯುತ್ತದೆ, ಕೂದಲು ಉದುರುವುದು ನಿಲ್ಲುತ್ತದೆ. ಒಂದೇ ಪುಡಿ ತಲೆಯಿಂದ ಕಾಲಿನವರೆಗೆ ಎಲ್ಲವನ್ನೂ ನೆಟ್ಟಗೆ ಮಾಡುವುದಾದರೆ ದೇವರು ಮನುಷ್ಯನನ್ನು ಮಾಡುವಾಗಲೇ ಒಂದು ಚಮಚ ಹಾಕಿಬಿಡುತ್ತಿದ್ದ.

ಕಂಪನಿಯ ರೀತಿಯನ್ನು ಅವಳೇ ಬಿಡಿಸಿ ಹೇಳಿದಳು. ಮೊದಲು ನಾವು ರೊಕ್ಕ ಕೊಟ್ಟು ಡಬ್ಬಿ ತಗೊಳ್ಳಬೇಕು. ಮಂದಿಗೆ ಮಾರಬೇಕು. ಅದಕ್ಕಿಂತ ಮುಖ್ಯ, ಬೇರೆಯವರನ್ನು ನಮ್ಮ ಕೆಳಗೆ ಸೇರಿಸಬೇಕು. ಅವರು ಮತ್ತೊಬ್ಬರನ್ನು ಸೇರಿಸಬೇಕು. ಕೆಳಗಿನವರು ಮಾರಿದ್ದರಲ್ಲಿ ಮೇಲಿನವರಿಗೆ ಪಾಲು. ಅವಳನ್ನು ಸೇರಿಸಿದವಳು ಹುಬ್ಬಳ್ಳಿಯ ಒಬ್ಬ ಮೇಡಂ. ಆ ಮೇಡಂ ಮೇಲೆ ಇನ್ನೊಬ್ಬ ಸಾಹೇಬ.

ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು. ಆದರೂ ಕೇಳಿದೆ.

"ಪುಡಿ ಅಷ್ಟ ಚಲೋ ಇದ್ರ ಅಂಗಡ್ಯಾಗ ಯಾಕ ಇಡಂಗಿಲ್ಲ?"

"ಅಂಗಡಿಯವ್ರಿಗೆ ಹೋಗೂ ಲಾಭ ನಮಗ ಸಿಗಲಿ ಅಂತ್ರಿ."

"ಹಂಗಾರ ಮಾರು. ಮಂದೀನ ಸೇರಸಂತ ಯಾಕ ಗಂಟ ಬೀಳ್ತಾರ?"

"ನೀವ ಬಿಡ್ರಿ ಅತ್ತಿ. ಮನಿಗೆ ಗ್ಯಾಸ್ ಬಂದಾಗ ಸಿಡೀತೈತಿ ಅಂದ್ರಿ. ಮೊಬೈಲ್ ಬಂದಾಗ ಕಿವಿ ಕೆಡ್ತಾವು ಅಂದ್ರಿ."

"ಕೆಟ್ಟಾವಲ್ಲ! ನಾ ಪಡಸಾಲ್ಯಾಗಿಂದ ಒದರಿದ್ರ ನಿನಗ ಎಂದರ ಕೇಳ್ಸೇತಿ?"

ಹೀಗೆ ನಮ್ಮ ಜಗಳ ದಿನಾ ನಡೆಯಿತು. ಒಂದು ಸಲ ರೊಟ್ಟಿ ತಟ್ಟುತ್ತಾ ಅವಳು ಅಂದಳು:

"ಹನ್ನೆರಡ ವರ್ಷ ಆತ್ರಿ ಈ ಊರಿಗೆ ಬಂದು. ಇಡೀ ಓಣಿ ಜಂಪರ್ ಹೊಲದು ಕೊಟ್ಟೇನಿ. ಒಬ್ಬರರ ನನ್ನ ಹೆಸರ ಹಿಡದ ಕರದಾರೇನ್ರಿ? ಇವ್ರ ಸೊಸಿ, ಅವನ ಹೇಣ್ತಿ. ಅಲ್ಲಿ ಕಂಪನಿ ಸಭಾದಾಗ ಮೈಕಿನ್ಯಾಗ ನನ್ನ ಹೆಸರ ಕರದ್ರು. ಮಂದಿ ಎದ್ದು ನಿಂತ್ರು."

ನಾನೂ ಅವಳನ್ನು ಹೆಸರು ಹಿಡಿದು ಕರೆದವಳಲ್ಲ. ಹಿಟ್ಟು ನಾದಿದೆ.

ಒಮ್ಮೆ ಬಂದು ನೋಡಿರಿ ಎಂದು ಅವಳೇ ನನ್ನನ್ನು ಸಭೆಗೆ ಕರೆದುಕೊಂಡು ಹೋದಳು. ಹುಬ್ಬಳ್ಳಿಯ ಒಂದು ಕಲ್ಯಾಣ ಮಂಟಪ. ಮದುವೆ ಇಲ್ಲ, ಊಟ ಇಲ್ಲ, ಬರೀ ಚಪ್ಪಾಳೆ. ಟೈ ಕಟ್ಟಿದ ಸಾಹೇಬ ಹಲಗೆಯ ಮೇಲೆ ಒಂದು ಸುತ್ತು ಬರೆದ, ಅದರ ಕೆಳಗೆ ಎರಡು, ಅವುಗಳ ಕೆಳಗೆ ನಾಲ್ಕು. ಹಲಗೆ ತುಂಬುವವರೆಗೆ ಬರೆದ. ಒಂದೊಂದು ಸುತ್ತೂ ಒಬ್ಬೊಬ್ಬ ಮನುಷ್ಯ ಅಂದ. ನನ್ನ ಬಾಯಿ ತಡೆಯಲಿಲ್ಲ.

"ಸಾಹೇಬ್ರ, ಹಿಂಗ ಬರಕೋಂತ ಹ್ವಾದ್ರ ನಮ್ಮೂರ ಮಂದಿ ತೀರಿಹೋಗ್ತಾರಲ್ರಿ. ಆಮ್ಯಾಲ ಎಮ್ಮಿ, ಆಡು ಸೇರ್ಸೂಣೇನು?"

ಮಂದಿ ನಕ್ಕರು. ಸಾಹೇಬ ಅವರಿಗಿಂತ ಜೋರಾಗಿ ನಕ್ಕ. "ಅಜ್ಜಿಗೆ ಒಂದು ಜೋರು ಚಪ್ಪಾಳೆ! ಈ ವಯಸ್ಸಿನಾಗೂ ಎಷ್ಟ ಚುರುಕ ಅದಾರ ನೋಡ್ರಿ. ಇವರ ಸೊಸಿ ಎಷ್ಟ ಚುರುಕ ಇರಬಾರದು?" ಅಂದ. ಮತ್ತೆ ಚಪ್ಪಾಳೆ. ನನ್ನ ಮಾತನ್ನೇ ತೆಗೆದುಕೊಂಡು ಸೊಸೆಯ ತಲೆಯ ಮೇಲೆ ಕಿರೀಟ ಮಾಡಿ ಇಟ್ಟುಬಿಟ್ಟ. ಕೇಳಿದ್ದಕ್ಕೆ ಉತ್ತರ ಕೊಡದೆ ಕೇಳಿದವರನ್ನು ಹೊಗಳುವವನನ್ನು ನಾನು ಸಂತೆಯಲ್ಲಿ ಬಹಳ ಕಂಡಿದ್ದೇನೆ. ಅಂಥವನ ಬಳಿ ಬದನೆಕಾಯಿ ಸಹ ಕೊಳ್ಳಬಾರದು. ಬರುವಾಗ ಬಸ್ಸಿನಲ್ಲಿ ಇದನ್ನೇ ಅಂದರೆ ಸೊಸೆ ಮುಖವನ್ನು ಕಿಡಕಿಯ ಕಡೆ ತಿರುಗಿಸಿದಳು.

ಅಷ್ಟರಲ್ಲಿ ಪಂಚಮಿ ಬಂತು. ನಮ್ಮ ಕಡೆ ನಾಗಪ್ಪನಿಗೆ ಹಾಲು ಎರೆಯುವ ಹಿಂದಿನ ದಿನ ರೊಟ್ಟಿಯ ಹಬ್ಬ. ಜೋಳದ್ದು, ಎಳ್ಳು ಹಚ್ಚಿದ ಸಜ್ಜೆಯದು, ಕಡಕ್ ಆಗುವ ಹಾಗೆ ಮೊದಲೇ ಬಡಿದು ಇಟ್ಟಿರುತ್ತೇವೆ. ಆ ದಿನ ಕಾಳುಪಲ್ಯ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಜೊತೆ ತಾಟಿಗೆ ಹಾಕಿ, ಮೇಲೆ ಬಟ್ಟೆ ಮುಚ್ಚಿ ಮನೆಮನೆಗೆ ಕೊಟ್ಟು ಬರುತ್ತೇವೆ. ಜಾತಿ ಕೇಳುವುದಿಲ್ಲ, ಹಳೇ ಜಗಳ ತೆಗೆಯುವುದಿಲ್ಲ. ತಾಟಿನಲ್ಲಿ ಬಂದದ್ದನ್ನು ಯಾರೂ ಬೇಡ ಅನ್ನುವುದಿಲ್ಲ, ಖಾಲಿ ತಾಟನ್ನು ತಿರುಗಿ ಕಳಿಸುವುದೂ ಇಲ್ಲ. ಯಾರೂ ಬರೆದಿಟ್ಟ ಕಾಯಿದೆಯಲ್ಲ, ಆದರೆ ಅದನ್ನು ಮುರಿದವರನ್ನು ನಾನು ನೋಡಿಲ್ಲ.

ಆ ಸಲ ನಾನು ಒಲೆಯ ಮುಂದೆ ಇದ್ದೆ, ತಾಟು ಹೊತ್ತವಳು ಸೊಸೆ. ಸಂಜೆ ಪಕ್ಕದ ಮನೆಯ ಹೆಂಗಸು ನಮ್ಮ ತಾಟನ್ನು ತುಂಬಿ ತಂದು ಕೊಟ್ಟು, "ಎಣ್ಣೆಗಾಯಿ ಅಗದಿ ಚಲೋ ಆಗಿತ್ರಿ. ಆ ಪುಡಿ ನೀರಾಗ ಕಲಸೂದೋ, ಹಾಲಾಗೋ?" ಅಂದಳು.

"ಯಾವ ಪುಡಿ?"

"ರೊಟ್ಟಿ ಬುಡಕ ಇಟ್ಟಿದ್ದೀರಲ್ರಿ."

ಒಳಗೆ ಹೋಗಿ ಸೊಸೆಯನ್ನು ಹಿಡಿದೆ. ಅವಳು ಮುಚ್ಚಿಡಲಿಲ್ಲ. ಆ ಉಪಾಯ ಮೇಡಂನದು. ಮಾರಲು ಹೋದರೆ ಬಾಗಿಲು ಹಾಕುತ್ತಾರೆ, ತಾಟು ಹಿಡಿದು ಹೋದರೆ ಒಳಗೆ ಕರೆಯುತ್ತಾರೆ ಎಂದು ಹೇಳಿಕೊಟ್ಟಿದ್ದಳು. ಆಕೆಯೂ ಈ ಕಡೆಯವಳೇ, ನಮ್ಮ ಹಬ್ಬ ಅವಳಿಗೆ ಗೊತ್ತು.

"ಬಿಟ್ಟಿ ಕೊಟ್ಟೇನ್ರಿ ಅತ್ತಿ, ಕಸಗೊಂಡಿಲ್ಲ," ಅಂದಳು ಸೊಸೆ.

"ಬಿಟ್ಟಿ ಕೊಟ್ಟವರು ನಾಳಿಗೆ ಬಾಗಿಲಕ್ಕ ಬರ್ತಾರ. ನೀನೂ ಹೋಗ್ತಿ, ನೋಡ್ತಿರು."

ಹೋದಳು. ಕೆಲವರು ಒಂದು ಡಬ್ಬಿ ತಗೊಂಡು ಸುಮ್ಮನಾದರು. ಇಬ್ಬರು ಅವಳ ಕೆಳಗೆ ಸೇರಿದರು. ಎಲ್ಲರಿಗಿಂತ ಹೆಚ್ಚು ನಂಬಿದವಳು ಎದುರು ಮನೆಯವಳು.

ಎದುರು ಮನೆಯವರು ಮುಸಲ್ಮಾನರು. ಅವಳು ಈ ಓಣಿಗೆ ಮದುವೆಯಾಗಿ ಬಂದದ್ದು ನಾನು ಬಂದ ಮರುವರ್ಷ. ಪಂಚಮಿಗೆ ನಮ್ಮ ರೊಟ್ಟಿ, ರಮಜಾನಿಗೆ ಅವರ ಶಾವಿಗೆಯ ಸುರಕುಂಬ. ನನ್ನ ಬೈಗುಳಕ್ಕೆ ಹೆದರದ ಹೆಂಗಸು ಈ ಊರಲ್ಲಿ ಇದ್ದರೆ ಅವಳೊಬ್ಬಳೇ. ಅವಳಿಗೆ ಸಕ್ಕರೆ ಕಾಯಿಲೆ. ಬಹಳ ವರ್ಷಗಳಿಂದ ಸರಕಾರಿ ದವಾಖಾನೆಯ ಗುಳಿಗೆ ನುಂಗುತ್ತಿದ್ದಳು.

ಹೊಲದಲ್ಲಿ ಹೆಸರುಕಾಯಿ ಬಿಡಿಸುವ ಹೊತ್ತಿಗೆ ಒಂದು ದಿನ ಅವಳ ಕಟ್ಟೆಯ ಮೇಲೆ ಕೂತಿದ್ದೆ. ಅವಳು ತಂಬಿಗೆ ಎತ್ತಿ ನೀರು ಕುಡಿದಳು, ಎರಡು ಮಾತಾಡಿ ಮತ್ತೆ ಕುಡಿದಳು. ಎದ್ದು ಒಳಗೆ ಹೋಗುವಾಗ ಕಾಲು ಎಳೆಯುತ್ತಿದ್ದಳು. ಬಲಗಾಲಿನ ಹೆಬ್ಬೆರಳಿಗೆ ಅರಿಬಿ ಸುತ್ತಿತ್ತು.

"ಏನಾಗೇತಿ ಬೆರಳಿಗೆ?"

"ಏನಿಲ್ಲ ಬಿಡ ಯಕ್ಕಾ. ಕಲ್ಲ ಎಡವಿದ್ದೆ. ಗಾಯ ಮಾಯವಲ್ದು."

"ಗುಳಿಗಿ ತಗೊಳ್ಳಾಕ್ಹತ್ತೀ ಇಲ್ಲೋ?"

"ಗುಳಿಗಿ ಬಿಟ್ಟೇನಿ. ನಿನ್ನ ಸೊಸಿ ಪುಡಿ ಕುಡ್ಯಾಕ್ಹತ್ತೇನಿ. ಒಳಗಿನ ಹಳೇ ವಿಷ ಎಲ್ಲಾ ಗಾಯದಾಗ ಹೊರಗ ಬರಾಕ್ಹತ್ತೇತಂತ."

ಅರಿಬಿ ಬಿಚ್ಚಿ ನೋಡಿದೆ. ಬೆರಳು ಕಪ್ಪಾಗಿ ಊದಿತ್ತು. ನಾನು ಒತ್ತಿದರೆ ಅವಳಿಗೆ ಗೊತ್ತೇ ಆಗಲಿಲ್ಲ. ನನ್ನ ಮಾವನ ಕಾಲು ಹೀಗೆಯೇ ಶುರುವಾಗಿ ಮೊಣಕಾಲಿನವರೆಗೆ ತೆಗೆಯಬೇಕಾಗಿತ್ತು.

"ಇವತ್ತ ಗುಳಿಗಿ ನುಂಗು. ಆ ಪುಡಿ ತಿಪ್ಪಿಗೆ ಒಗಿ. ಕಾಲ ಹೋಕ್ಕೈತಿ!"

ಅವಳು ನಕ್ಕಳು. "ನೀ ಯಾವುದಕ್ಕ ಹಂಗ ಅಂದಿಲ್ಲ ಬೇ? ನನಗ ಗುಳಿಗಿ ಕೊಟ್ಟಾಗೂ, ಡಾಕ್ಟರ್ ಧಂದೆ, ಸಾಯೂತನಕ ನುಂಗಸ್ತಾರ ಅಂದಾಕಿ ನೀನ. ನಿನ್ನ ಮಾತ ಕೇಳಿದ್ರ ನಾ ಏನೂ ತಿನ್ನದ ಸಾಯ್ತಿದ್ದೆ."

"ನೀ ಅದನ್ನ ನಂಬಿದ್ದಾರ ಹೆಂಗ?"

"ನಿಮ್ಮನಿ ತಾಟಿನ್ಯಾಗ ಬಂತು. ಇಷ್ಟ ವರ್ಷದಾಗ ನಿಮ್ಮ ತಾಟಿನ್ಯಾಗ ಕೆಟ್ಟದ್ದ ಬಂದೈತೇನು?"

ನಾನು ಎಷ್ಟು ಬೈದರೂ ಅವಳು ಕೇಳಲಿಲ್ಲ. ಎಲ್ಲದರ ಮೇಲೂ ಅನುಮಾನ ಪಡುವವಳ ಅನುಮಾನಕ್ಕೆ ಬೆಲೆ ಇಲ್ಲ. ಪುಡಿ ಕೊಟ್ಟವಳೇ ಹೋಗಿ ಇದು ಔಷಧ ಅಲ್ಲ ಅನ್ನಬೇಕು, ಬೇರೆ ದಾರಿ ಇಲ್ಲ.

ಮನೆಗೆ ಬಂದು ಸೊಸೆಗೆ ಹೇಳಿದೆ. ಅವಳ ಮುಖ ಬಿಳಿಚಿತು.

"ಗುಳಿಗಿ ಬಿಡ್ರಿ ಅಂತ ನಾ ಹೇಳಿಲ್ರಿ. ಪುಡಿ ಕುಡದ್ರ ಗುಳಿಗಿ ತಾನಾಗೇ ಬಿಟ್ಟುಹೋಗತೈತಿ ಅಂತ ಮೇಡಂ ಹೇಳಿಕೊಟ್ಟಿದ್ರು, ಅಷ್ಟ ಹೇಳೇನಿ."

"ಅಷ್ಟ ಸಾಕಾಗೇತಿ ಆಕೀಗೆ."

ಅವಳು ಮೇಡಂಗೆ ಫೋನು ಹಚ್ಚಿದಳು. ನಾನೂ ಕೇಳಬೇಕು ಎಂದು ಸ್ಪೀಕರ್ ಹಾಕಿಸಿದೆ.

"ಗಾಯ ಆಗೇದಾ? ಬಹಳ ಚಲೋ ಲಕ್ಷಣ ಅದು!" ಅಂದಿತು ಫೋನು. "ವಿಷ ಹೊರಗ ಬರಾಕ್ಹತ್ತದ. ಈಗ ಬಿಡಿಸಬ್ಯಾಡ್ರಿ. ಬರೋ ಸಭಾಕ್ಕ ಅವರನ್ನ ಕರ್ಕೊಂಡ ಬರ್ರಿ, ಸ್ಟೇಜ್ ಮ್ಯಾಲೆ ಮಾತಾಡ್ಸೂಣು. ಶಾಲು ಹೊಚ್ಚತೀವಿ. ನಿಮಗೂ ಲೆವೆಲ್ ಏರತದ."

"ಬೆರಳ ಕಪ್ಪ ಆಗೇತ್ರಿ ಮೇಡಂ. ಏನ ಮಾಡಬೇಕ್ರಿ?"

"ಒಂದ ಚಮಚ ಹೆಚ್ಚ ಕುಡೀಲಿ."

ಸೊಸೆ ಫೋನು ಇಟ್ಟಳು. ಹೊಲಿಗೆ ಮಷಿನ್ನಿನ ಗಾಲಿಯ ಮೇಲೆ ಕೈ ಇಟ್ಟುಕೊಂಡು ಕೂತಳು.

"ನಾ ಹೋಗಿ ಹೇಳಿದ್ರ ಓಣಿಯೆಲ್ಲಾ ಸುದ್ದಿ ಆಕ್ಕೈತ್ರಿ," ಅಂದಳು.

"ಆಕ್ಕೈತಿ."

"ನನ್ನ ಕೆಳಗ ಒಬ್ಬರೂ ಉಳ್ಯಂಗಿಲ್ಲ."

"ಉಳ್ಯಂಗಿಲ್ಲ."

"ಮಂದಿ ನನಗ ಮೋಸಗಾತಿ ಅಂತಾರ."

"ಅಂತಾರ."

ಸಮಾಧಾನ ಹೇಳುವುದು ನನಗೆ ಬರುವುದಿಲ್ಲ, ಹೇಳಲೂ ಇಲ್ಲ. ಅವಳು ಎದ್ದು ಸೆರಗು ಹೊದ್ದು ಓಣಿ ದಾಟಿದಳು. ನಾನು ಹಿಂದೆ ಹೋಗಿ ಎದುರು ಮನೆಯ ಬಾಗಿಲಲ್ಲಿ ನಿಂತೆ. ಹೇಳುತ್ತಾಳೋ, ಹೇಳಿದ ಹಾಗೆ ಮಾಡಿ ಬರುತ್ತಾಳೋ ನೋಡಬೇಕಿತ್ತು.

ಸೊಸೆ ಕೆಳಗೆ ಕೂತು ಗಾಯದ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

"ಖಾಲಾ, ಈ ಪುಡಿ ಔಷಧ ಅಲ್ರಿ. ಮಂದಿ ಹೇಳಿಕೊಟ್ಟದ್ದ ನಾ ಹೇಳಿದೆ. ನನಗೇನೂ ಗೊತ್ತಿಲ್ರಿ. ಗುಳಿಗಿ ನುಂಗ್ರಿ. ನಾಳೆ ದವಾಖಾನಿಗೆ ಹೋಗೂಣು."

ಎದುರು ಮನೆಯವಳು ಒಮ್ಮೆ ನನ್ನ ಕಡೆ, ಒಮ್ಮೆ ಸೊಸೆಯ ಕಡೆ ನೋಡಿದಳು.

"ನಿಮ್ಮತ್ತಿ ಹೇಳಿ ಕಳಿಸ್ಯಾಳೇನು?"

"ಅವರು ಹೇಳಿದ್ದ ನಾ ಎಂದ ಕೇಳೇನ್ರಿ?"

ಆ ಮಾತಿಗೇ ಅವಳು ನಂಬಿದಳು. ಅದು ಖರೆ ಎಂದು ಇಡೀ ಓಣಿಗೆ ಗೊತ್ತಿತ್ತು. ಆದರೆ ನಗಲಿಲ್ಲ. ಕಾಲು ಹಿಂದಕ್ಕೆ ಎಳೆದುಕೊಂಡು, "ಹಂಗಾರ ಗೊತ್ತಿಲ್ಲದ ನನ್ನ ಮ್ಯಾಲ ಹಾಕಿ ನೋಡಿದಿ," ಅಂದಳು. ನಾನು ಗೋಡೆಯ ಗೂಡಿನಲ್ಲಿದ್ದ ಗುಳಿಗೆ ಹುಡುಕಿ ಕೈಗೆ ಕೊಟ್ಟೆ. ನುಂಗಿದಳು.

ಮರುದಿನ ಮೂವರೂ ನವಲಗುಂದದ ಬಸ್ಸು ಹತ್ತಿದೆವು. ಡಾಕ್ಟರು ಅವಳಿಗೆ ಬೈದರು, ಸೊಸೆಗೆ ಬೈದರು, ಜೊತೆಯಲ್ಲಿದ್ದ ತಪ್ಪಿಗೆ ನನಗೂ ಬೈದರು. ಅಲ್ಲೇ ಇಟ್ಟುಕೊಂಡು ಗಾಯ ಕೊಯ್ದು ತೊಳೆದರು. ಹೆಬ್ಬೆರಳಿನ ತುದಿ ಹೋಯಿತು, ಕಾಲು ಉಳಿಯಿತು. ಮನೆಗೆ ಬಂದ ಮೇಲೆ ದಿನಾ ಪಟ್ಟಿ ಬದಲಿಸಿದವಳು ಸೊಸೆ. ಎದುರು ಮನೆಯವಳು ಬಹಳ ದಿನ ಅವಳ ಜೊತೆ ಮಾತಾಡಲಿಲ್ಲ. ಕಾಲು ಮಾತ್ರ ಮುಂದೆ ಚಾಚುತ್ತಿದ್ದಳು.

ಓಣಿಯಲ್ಲಿ ಸೊಸೆ ಅಂದುಕೊಂಡದ್ದೆಲ್ಲ ಆಯಿತು. ಡಬ್ಬಿ ತಗೊಂಡವರು ಬಂದು ಜಗಳ ಮಾಡಿದರು. ಕೆಲವರು ಹೊಲಿಯಲು ಕೊಟ್ಟ ಅರಿಬಿಯನ್ನು ತಿರುಗಿ ಒಯ್ದರು. ಉಳಿದ ಡಬ್ಬಿಗಳನ್ನು ತಿಪ್ಪೆಗೆ ಹಾಕಿದೆ ಅಂದಳು. ನಾನು ತಿಪ್ಪೆಗೆ ಹೋಗಿ ಕೋಲಿನಿಂದ ಕೆದರಿ ನೋಡಿದೆ. ಇದ್ದವು. ಮನೆಗೆ ಬಂದು ಅಟ್ಟವನ್ನೂ ನೋಡಿದೆ. ಇರಲಿಲ್ಲ.

ಇಂಥದ್ದಕ್ಕೆ ಸೇರಬೇಕೋ ಬೇಡವೋ ಎಂದು ಈಗಲೂ ಹೆಂಗಸರು ನನ್ನನ್ನು ಕೇಳುತ್ತಾರೆ. ಎಲ್ಲ ಕಂಪನಿ ಒಂದೇ ಅಲ್ಲ ಅಜ್ಜಿ, ಕೆಲವು ಚಲೋ ಇರುತ್ತವೆ ಅನ್ನುತ್ತಾರೆ. ಇರಬಹುದು, ನಾನು ಕಂಡಿಲ್ಲ. ನನಗೆ ಗೊತ್ತಿರುವುದು ಇಷ್ಟೇ: ಅಲ್ಲಿ ಮಾರಿದ್ದು ಪುಡಿಯಲ್ಲ. ನಾವು ಯಾರ ಮನೆಗೆ ಕೇಳದೆ ಹೋಗಬಹುದೋ ಆ ಮನೆಗಳನ್ನು ಮಾರಿದರು. ಹುಬ್ಬಳ್ಳಿಯ ಸಾಹೇಬನಿಗೆ ನಮ್ಮ ಓಣಿಯಲ್ಲಿ ಯಾರೂ ಬಾಗಿಲು ತೆರೆಯುತ್ತಿರಲಿಲ್ಲ. ಅವನಿಗೆ ಬೇಕಾದದ್ದು ನನ್ನ ಸೊಸೆಯ ಮುಖ.

ಓಣಿಗೆ ಬುದ್ಧಿ ಬಂದಿರಬೇಕು ಎಂದುಕೊಂಡಿರಾ? ಸೊಸೆ ಬಿಟ್ಟ ಮೇಲೆ ಓಣಿಯ ಆ ತುದಿಯ ಮನೆಯ ಸೊಸೆ ಬಂದು, "ಯಕ್ಕಾ, ನೀವು ಬಿಟ್ಟ ಜಾಗಾ ನನಗ ಕೊಡಸ್ತೀರೇನು?" ಎಂದು ಕೇಳಿದಳು. ಎಲ್ಲ ನೋಡಿದವಳೇ ಅವಳು. ನನ್ನ ಸೊಸೆ ಬೈದು ಕಳಿಸಿದಳು. ಬೈಸಿಕೊಂಡು ಹೋದವಳು ಸುಮ್ಮನಿರಲಿಲ್ಲ ಎಂದು ಕಾಣುತ್ತದೆ. ಮೊನ್ನೆ ಮೇಡಂ ಒಂದು ಚೀಲ ಹಿಡಿದು ನಮ್ಮ ಮನೆಯ ಮುಂದೆಯೇ, ನಮ್ಮ ಕಡೆ ನೋಡದೆ, ಆ ತುದಿಗೆ ನಡೆದು ಹೋದಳು.

ಸೊಸೆ ಮಷಿನ್ನು ನಿಲ್ಲಿಸಿ ಎದ್ದಳು.

"ಎಲ್ಲಿಗೆ?" ಅಂದೆ.

"ಆ ಮನಿ ಅತ್ತಿಗೂ ಸಕ್ರಿ ಐತ್ರಿ," ಅಂದವಳೇ ಚಪ್ಪಲಿ ಮೆಟ್ಟಿ ಹೊರಟಳು.