ನನ್ನ ಕಾರಿಗೆ ಅಣ್ಣ ಮಾಡಿದ ಆಯೇರಿ

ನಾಶಿಕದ ಹತ್ತಿರದ ಓಝರಿನ ವಿಮಾನ ಕಾರ್ಖಾನೆಯಲ್ಲಿ ನಾನು ಇಪ್ಪತ್ತೆಂಟು ವರ್ಷಗಳಿಂದ ತೂಕದ ವಿಭಾಗದಲ್ಲಿದ್ದೇನೆ. ವಿಮಾನಕ್ಕೆ ಸೇರುವ ಪ್ರತಿ ತುಂಡನ್ನೂ ತೂಗಿ, ನಕ್ಷೆಯಲ್ಲಿ ಬರೆದದ್ದಕ್ಕಿಂತ ಹದಿನೈದು ಗ್ರಾಂ ಹೆಚ್ಚಿದ್ದರೂ ಹಿಂದಕ್ಕೆ ಕಳಿಸುವುದು ನನ್ನ ಕೆಲಸ. ಈ ವಿಷಯದಲ್ಲಿ ನಾನು ಯಾರ ಮುಲಾಜಿಗೂ ಬಿದ್ದವನಲ್ಲ. ದೊಡ್ಡ ಸಾಹೇಬರ ಎದುರಿಗೇ 'ಇದು ಆಗೂದಿಲ್ಲ' ಎಂದು ಹೇಳಿ ಬೈಸಿಕೊಂಡಿದ್ದೇನೆ. ಆ ಗಂಡಸುತನವೆಲ್ಲ ಕಾರ್ಖಾನೆಯ ಗೇಟಿನ ಒಳಗೆ ಮಾತ್ರ. ನನ್ನ ಅಣ್ಣನ ಎದುರು ನನ್ನ ಬಾಯಿಗೆ ಬೀಗ ಬೀಳುತ್ತದೆ.

ಐವತ್ತು ದಾಟುವ ಹೊತ್ತಿಗೆ ನನಗೊಂದು ಹುಚ್ಚು ಹತ್ತಿತು. ನಾಶಿಕ ಬಿಟ್ಟು ಹೊರಟಿದ್ದ ಒಬ್ಬ ನಿವೃತ್ತ ಪೈಲಟ್ಟು ತನ್ನ ಹಳೆಯ ಸ್ಪೋರ್ಟ್ಸ್ ಕಾರನ್ನು ಮಾರುತ್ತಿದ್ದ. ಎರಡೇ ಸೀಟು, ಬಟ್ಟೆಯ ಮಾಡು, ಪರದೇಶದ ಗಾಡಿ. ಒಂದು ಸುತ್ತು ಓಡಿಸಿ ನೋಡಿದೆ, ಮುಗಿಯಿತು ನನ್ನ ಕಥೆ. ಎಂಜಿನ್ನು ಅಂಥ ದೊಡ್ಡದೇನಲ್ಲ. ಆದರೆ ಅದನ್ನು ಮಾಡಿದವರು ನಮ್ಮ ಜಾತಿಯವರು, ಅಂದರೆ ಗ್ರಾಂ ಎಣಿಸುವವರು. ಎಲ್ಲೆಲ್ಲಿ ಭಾರ ತೆಗೆಯಬಹುದೋ ಅಲ್ಲೆಲ್ಲ ತೆಗೆದಿದ್ದರು. ಹದಿನಾಲ್ಕು ಇಂಚಿನ ಪುಟ್ಟ ಅಲಾಯ್ ಗಾಲಿಗಳಂತೂ ಒಂದೇ ಕೈಯಲ್ಲಿ ಎತ್ತಬಹುದಾದಷ್ಟು ಹಗುರ. ಅಂಥವನ್ನು ಮಾಡುವುದು ಯಾವಾಗಲೋ ನಿಂತುಹೋಗಿದೆ.

ಭಾನುವಾರ ಬೆಳಿಗ್ಗೆ ಇಗತಪುರಿಯ ಕಡೆಗೆ ಹೋಗುತ್ತಿದ್ದೆ. ಮಳೆ ಬಿಟ್ಟ ರಸ್ತೆಯ ತಿರುವುಗಳಲ್ಲಿ ಸ್ಟೇರಿಂಗು ಬೆರಳಿನಷ್ಟು ತಿರುಗಿಸಿದರೆ ಕಾರು ಅಷ್ಟೇ ತಿರುಗುತ್ತಿತ್ತು. ಟೈರಿನ ಕೆಳಗೆ ಒದ್ದೆ ಡಾಂಬರೋ, ಒಣ ಡಾಂಬರೋ, ಕಲ್ಲುಪುಡಿಯೋ, ಅಂಗೈಗೆ ತಿಳಿಯುತ್ತಿತ್ತು. ನನ್ನ ಶಾಲೆ, ನೌಕರಿ, ಹೆಂಡತಿ, ಈ ಮೂರನ್ನೂ ಅಣ್ಣ ನೋಡಿ ಆರಿಸಿದ್ದು. ಮೂರೂ ಒಳ್ಳೆಯವೇ, ನನ್ನದೇನೂ ತಕರಾರಿಲ್ಲ. ಆದರೆ ನಾನೇ ನೋಡಿ, ನಾನೇ ಆರಿಸಿ ಮನೆಗೆ ತಂದದ್ದು ಆ ಕಾರೊಂದೇ.

ಚಂದದ ಮಾತು ಬೇರೆ. ಸುಳ್ಳು ಹೇಳಬಾರದು, ಆ ಸಣ್ಣ ಗಾಲಿಗಳ ಮೇಲೆ ಕಾರು ಸ್ವಲ್ಪ ಬಡಪಾಯಿಯ ಹಾಗೆಯೇ ಕಾಣುತ್ತಿತ್ತು. ಗಾಲಿಗೂ ಅದರ ಮೇಲಿನ ತಗಡಿನ ಕಮಾನಿಗೂ ನಡುವೆ ಒಂದು ಮುಷ್ಟಿ ಹಿಡಿಸುವಷ್ಟು ಸಂದು. ನನ್ನ ಮಗಳು ಕನ್ನಡ ಕೇಳಿಸಿಕೊಂಡು ಮರಾಠಿಯಲ್ಲಿ ಉತ್ತರ ಕೊಡುವ ಹುಡುಗಿ. ಮೊದಲ ದಿನ ಕಾರನ್ನು ಸುತ್ತಿ ನೋಡಿ, ಇದು ಅಪ್ಪನ ಕೋಟು ಹಾಕಿಕೊಂಡ ಮಗುವಿನ ಹಾಗಿದೆ ಎಂದಳು. ನಾನು ನಕ್ಕೆ. ಆ ಮಾತು ಅವಳ ಬಾಯಿಂದ ಫೋನಿನಲ್ಲಿ ಅವಳ ದೊಡ್ಡಪ್ಪನ ಕಿವಿಗೂ ಹೋಗುತ್ತದೆ ಎಂದು ನನಗೆ ಹೊಳೆಯಲಿಲ್ಲ.

ಅಣ್ಣ ಸಂಭಾಜಿನಗರದಲ್ಲಿ ಬಟ್ಟೆ ವ್ಯಾಪಾರಿ. ನಮ್ಮದು ಬೀದರ್ ಜಿಲ್ಲೆ. ಅಪ್ಪ ತೀರಿಕೊಂಡಾಗ ಅಣ್ಣನಿಗೆ ಹದಿನಾಲ್ಕು, ನನಗೆ ಏಳು. ಅವನು ಶಾಲೆ ಬಿಟ್ಟು ಊರಿನ ಬಟ್ಟೆ ಅಂಗಡಿಯಲ್ಲಿ ಥಾನು ಬಿಚ್ಚಿ ಮಡಚುವ ಕೆಲಸಕ್ಕೆ ನಿಂತ. ನಾನು ಓದಿದೆ. ಇದಕ್ಕಿಂತ ಹೆಚ್ಚು ಹೇಳುವ ಅಗತ್ಯವಿಲ್ಲ. ಇಂಥ ಅಣ್ಣನಿಗೆ ಬೇಡ ಎನ್ನುವುದು ಹೇಗೆಂದು ಯಾವ ತರಬೇತಿಯಲ್ಲೂ ಕಲಿಸುವುದಿಲ್ಲ.

ನಾಶಿಕದಲ್ಲಿ ನಾವು ರೋ ಹೌಸ್ ಕೊಂಡು ವಾಸ್ತುಶಾಂತಿ ಮಾಡಿದಾಗ ಅಣ್ಣ ಮತ್ತು ಅವನ ಹೆಂಡತಿ, ನಮ್ಮ ವೈನಿ, ಬುಟ್ಟಿ ತುಂಬ ಬಟ್ಟೆ ತಂದರು. ನಮ್ಮಲ್ಲಿ ಆಯೇರಿ ಎಂದರೆ ಸುಮ್ಮನೆ ಬಟ್ಟೆಯ ಉಡುಗೊರೆ ಕೊಟ್ಟು ಹೋಗುವುದಲ್ಲ. ಕೊಟ್ಟವರ ಎದುರಿಗೇ ಅದನ್ನು ಉಟ್ಟು, ತೊಟ್ಟು, ಅವರ ಕಾಲಿಗೆ ನಮಸ್ಕಾರ ಮಾಡಬೇಕು. ನನಗೆ ಧೋತರ, ಹೆಂಡತಿಗೆ ಇಳಕಲ್ ಸೀರೆ, ಮಗಳಿಗೆ ಡ್ರೆಸ್ಸು. ಎಲ್ಲ ಉಟ್ಟು ಬಂದು ನಮಸ್ಕಾರ ಮಾಡಿದೆವು. ಅಣ್ಣ ನನ್ನ ಹೆಗಲ ಮೇಲೆ ಕೈಯಿಟ್ಟ.

"ಹೊರಗ ಬಾ. ಇನ್ನೊಬ್ರಿಗಿ ಆಯೇರಿ ಉಳದದ."

ಅಂಗಳದಲ್ಲಿ ನಾಲ್ಕು ಗಾಲಿಗಳು ಸಾಲಾಗಿ ನಿಂತಿದ್ದವು. ಹದಿನೇಳು ಇಂಚಿನವು, ಕಪ್ಪಗೆ ಮಿರಿಮಿರಿ ಮಿಂಚುವಂಥವು, ಸುತ್ತ ಬೆರಳೆರಡು ದಪ್ಪದ ಟೈರು. ಪ್ರತಿ ಗಾಲಿಯ ನಡುವೆ ವಿಭೂತಿ ಎಳೆದು ಕುಂಕುಮವಿಟ್ಟಿತ್ತು. ಪಕ್ಕದಲ್ಲಿ ಟೈರ್ ಅಂಗಡಿಯವನು ಜಾಕ್ ಹಿಡಿದುಕೊಂಡು ಕಾಯುತ್ತಿದ್ದ. ಅಳತೆಯೆಲ್ಲ ಮಗಳು ಗುಟ್ಟಾಗಿ ಕಳಿಸಿದ್ದಳಂತೆ.

ಬಂದ ನೆಂಟರೆಲ್ಲ ಸುತ್ತ ನಿಂತು ನೋಡುತ್ತಿರುವಾಗ ನನ್ನ ಕಾರಿನ ನಾಲ್ಕೂ ಗಾಲಿ ಬಿಚ್ಚಿ ಹೊಸವನ್ನು ಹಾಕಿದರು. ಜಾಕ್ ಇಳಿಸಿದಾಗ ನೋಡಿದರೆ, ಕಾರು ಬೇರೆಯೇ ಆಗಿತ್ತು. ಕಮಾನು ತುಂಬಿ, ಎದೆಯುಬ್ಬಿಸಿ, ಪೋಸ್ಟರಿನಿಂದ ಇಳಿದು ಬಂದಂತೆ ನಿಂತಿತ್ತು. ನನಗೂ ಒಂದು ಗಳಿಗೆ ಹೆಮ್ಮೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಅಣ್ಣನ ಕಾಲಿಗೆ ಎರಡನೇ ಸಲ ನಮಸ್ಕಾರ ಮಾಡಿದೆ. ಕಾರಿನ ಪರವಾಗಿ.

ಮರುದಿನ ಮನೆಯಲ್ಲಿ ಯಾರೂ ಇಲ್ಲದಾಗ ಬಚ್ಚಲಿನ ಪಕ್ಕ ಇರುವ ತೂಕದ ಯಂತ್ರ ತಂದು, ಹಳೆಯ ಗಾಲಿಯೊಂದನ್ನೂ ಬಿಚ್ಚಿದ ಹೊಸ ಗಾಲಿಯೊಂದನ್ನೂ ತೂಗಿದೆ. ಹಳೆಯದು ಟೈರು ಸಮೇತ ಹದಿಮೂರು ಕಿಲೋ. ಹೊಸದು ಇಪ್ಪತ್ತೆರಡು. ಒಂದು ಮೂಲೆಗೆ ಒಂಬತ್ತು ಕಿಲೋ ಹೆಚ್ಚು. ಸೀಟಿನ ಮೇಲೆ ಇಟ್ಟ ಒಂಬತ್ತು ಕಿಲೋ ಜೋಳದ ಚೀಲ ಬೇರೆ, ಗಾಲಿಯಲ್ಲಿರುವ ಒಂಬತ್ತು ಕಿಲೋ ಬೇರೆ. ಚೀಲವನ್ನು ಮುಂದಕ್ಕೆ ಒಯ್ದರೆ ಸಾಕು. ಗಾಲಿಯನ್ನು ಒಯ್ಯಲೂ ಬೇಕು, ತಿರುಗಿಸಲೂ ಬೇಕು, ಬ್ರೇಕು ಒತ್ತಿದಾಗ ಆ ತಿರುಗುವುದನ್ನು ನಿಲ್ಲಿಸಲೂ ಬೇಕು. ಅದರ ಮೇಲೆ, ಗಾಲಿ ಇರುವುದು ಸ್ಪ್ರಿಂಗಿನ ಕೆಳಗೆ. ಗುಂಡಿಯ ಅಂಚಿಗೆ ಬಡಿದು ಮೇಲೆದ್ದ ಗಾಲಿ ಕೂಡಲೇ ಇಳಿದು ನೆಲ ಹಿಡಿಯಬೇಕು. ಭಾರ ಹೆಚ್ಚಿದಷ್ಟೂ ತಡ, ಆ ತಡದಲ್ಲಿ ಟೈರಿಗೆ ಹಿಡಿತವಿಲ್ಲ. ಮಳೆಗಾಲದಲ್ಲಿ ಎರೆಹೊಲ ದಾಟುವಾಗ ಚಪ್ಪಲಿಗೆ ಮಣ್ಣು ಮೆತ್ತಿಕೊಂಡು ನಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಭಾನುವಾರ ಇಗತಪುರಿಯ ರಸ್ತೆಯಲ್ಲಿ ನನ್ನ ಕಾರು ಇರಲಿಲ್ಲ, ಬೇರೆ ಯಾರದೋ ಇತ್ತು. ಕಾಲು ಒತ್ತಿದರೆ ಯೋಚನೆ ಮಾಡಿ ಹೊರಡುತ್ತಿತ್ತು. ತಿರುವಿನಲ್ಲಿ ಸ್ಟೇರಿಂಗು ಜಡ. ಪೂರ್ತಿ ತಿರುಗಿಸಿದರೆ ಟೈರು ಒಳಗಿನ ತಗಡಿಗೆ ಕರ್ರೆಂದು ಉಜ್ಜುತ್ತಿತ್ತು. ತೆಳು ಟೈರಿನಲ್ಲಿ ಗಾಳಿಯೇ ಕಡಿಮೆ, ಪ್ರತಿ ಕಲ್ಲೂ ನೇರ ಸೊಂಟಕ್ಕೆ ಬಂದು ಮುಟ್ಟುತ್ತಿತ್ತು. ಪೆಟ್ರೋಲ್ ಪಂಪಿನಲ್ಲಿ ನಿಲ್ಲಿಸಿದಾಗ ಇಬ್ಬರು ಬಂದು ಕಾರಿನ ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡರು. ನನಗೆ ಅಳು ಬರುವಂತಾಗಿತ್ತು.

ಹಳೆಯ ಗಾಲಿಗಳನ್ನು ಮತ್ತೆ ಹಾಕಿಕೊಂಡೆ. ಹೊಸವನ್ನು ಚಾದರಗಳಲ್ಲಿ ಸುತ್ತಿ ಮೆಟ್ಟಿಲ ಕೆಳಗೆ ಇಟ್ಟೆ. ಅಲ್ಲಿಂದ ನನ್ನ ನಾಟಕ ಶುರುವಾಯಿತು. ಅಣ್ಣ ನಾಶಿಕಕ್ಕೆ ಬರುತ್ತೇನೆಂದು ಫೋನು ಮಾಡಿದ ಕೂಡಲೇ ಜಾಕ್ ತೆಗೆಯುವುದು, ಇಪ್ಪತ್ತೆರಡು ಕಿಲೋದ ಗಾಲಿ ನಾಲ್ಕು ಸಲ ಎತ್ತಿ ಕೂರಿಸುವುದು, ನಟ್ಟು ಬಿಗಿಯುವುದು. ಅವನು ಹೋದ ಮೇಲೆ ಮತ್ತೆ ಉಲ್ಟಾ. ಪ್ರತಿ ಸಲವೂ ಒಂದೂವರೆ ಗಂಟೆ. ನಟ್ಟುಗಳನ್ನು ತಟ್ಟೆಯಲ್ಲಿ ಹಿಡಿದು ನಿಲ್ಲುತ್ತಿದ್ದ ಹೆಂಡತಿಗೆ ಸಾಕಾಗಿತ್ತು.

"ಒಮ್ಮೆ ಹೇಳಿಬಿಡ್ರಿ. ಭಾವಾರೇನು ಹುಲಿ ಏನ್ರಿ?"

"ಹುಲಿ ಆಗಿದ್ರ ಹೇಳ್ತಿದ್ದೆ," ಎಂದೆ.

ಹೇಳಲು ಒಂದು ಸಲ ನಿಜಕ್ಕೂ ಹೊರಟೆ. ಅಣ್ಣ ತನ್ನ ಅಂಗಡಿಯ ಪೂಜೆಗೆ ಕರೆದಿದ್ದ, ಕಾರಿನಲ್ಲೇ ಬರಬೇಕೆಂದು ತಾಕೀತು ಮಾಡಿದ್ದ. ದೊಡ್ಡ ಗಾಲಿ ಹಾಕಿಕೊಂಡು ಯೇವಲೆ, ವೈಜಾಪುರ ದಾಟಿ, ಸೊಂಟ ಹಿಡಿದುಕೊಂಡು ಸಂಭಾಜಿನಗರ ಸೇರಿದೆ. ಅಣ್ಣ ಅಕ್ಕಪಕ್ಕದ ಅಂಗಡಿಯವರನ್ನೆಲ್ಲ ಕರೆದು ಗಾಲಿ ತೋರಿಸಿದ. ಆಮೇಲೆ ದೌಲತಾಬಾದಿನ ಕಡೆ ಒಂದು ಸುತ್ತು ಹೋಗೋಣ ಎಂದ. ದಾರಿಯಲ್ಲಿ ನಾವಿಬ್ಬರೇ. ನಾನು ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತನ್ನು ಶುರು ಮಾಡಿದೆ.

"ಅಣ್ಣಾ, ಈ ಗಾಲಿ ಸ್ವಲ್ಪ ವಜ್ಜಿ ಅನಸ್ತಾವ್ರಿ."

"ಹೌದಲ್ಲ?" ಅಣ್ಣನ ಮುಖ ಅರಳಿತು. "ನಾ ಅಂಗಡ್ಯಾಗ ಒಂದೊಂದೂ ಎತ್ತಿ ನೋಡೀನಿ. ಅವ ಮೊದಲ ಹಗುರ ಇದ್ದವು ತೋರಿಸ್ದ, ಇವಕ್ಕ ಭಾಳ ಕಿಮ್ಮತ್ತು ಅಂದ. ಕೈಗಿ ತೂಕ ಹತ್ತಲಾರ್ದ ಮಾಲಿಗಿ ಕಿಮ್ಮತ್ತ್ ಯಾಕ ಕೊಡ್ಬೇಕು ಅಂದೆ. ಅಂಗಡ್ಯಾಗ ಎಲ್ಲಾದಕ್ಕಿಂತ ವಜ್ಜಿ ಯಾವ್ದದ, ಅದು ಕೊಡು ಅಂದೆ. ನಲವತ್ತು ವರ್ಷ ಸೀರಿ ಮಾರೀನಿ, ತಮ್ಮಾ. ಒಳ್ಳೇ ಮಾಲು ಕೈಗಿ ಹತ್ತತದ."

ನನ್ನ ಜೀವಮಾನವೆಲ್ಲ ಗ್ರಾಂ ಗ್ರಾಂ ಕಳೆದದ್ದು. ನನ್ನ ಅಣ್ಣ ಅಂಗಡಿಯಲ್ಲಿ ನಿಂತು, ತೋಳು ನೋಯುವಷ್ಟು ಎತ್ತಿ ಎತ್ತಿ ನೋಡಿ, ನನಗಾಗಿ ಅತ್ಯಂತ ಭಾರವಾದದ್ದನ್ನೇ ಆರಿಸಿದ್ದ. ಉಳಿದ ಪಾಠ ಮರೆತುಹೋಯಿತು. ರಸ್ತೆಯ ಪ್ರತಿ ಸಂದಿಗೂ ಕಾರು ಧಡ್ ಎಂದಾಗ ಅಣ್ಣ ಗಾಡಿ ಎಷ್ಟು ಗಟ್ಟಿಯಾಗಿದೆ ಎನ್ನುತ್ತಿದ್ದ. ನಾನು ಹೂಂಗುಟ್ಟುತ್ತಿದ್ದೆ.

ಹೀಗೆ ಎರಡು ವರ್ಷ ಕಳೆಯಿತು. ಹೋದ ಶ್ರಾವಣದ ಒಂದು ಸೋಮವಾರ ನಾನು ಕೆಲಸದಲ್ಲಿದ್ದೆ. ಕಾರ್ಖಾನೆಗೆ ನಾನು ಹೋಗುವುದು ನೌಕರರ ಬಸ್ಸಿನಲ್ಲಿ, ಕಾರು ಮನೆಯಲ್ಲೇ ಇರುತ್ತದೆ. ಊಟದ ಹೊತ್ತಿಗೆ ವಿಭಾಗದ ಫೋನಿಗೆ ಹೆಂಡತಿಯ ಕರೆ ಬಂತು.

"ಭಾವಾರು ಬಂದಾರ್ರಿ. ಇಲ್ಲೇ ಏನೋ ಮಾಲಿನ ಕೆಲಸ ಇತ್ತಂತ. ಹೇಳಲಾರ್ದೇ ಬಂದಾರ."

"ಕಾರು ನೋಡಿದ್ರೇನು?"

"ನೋಡಿದ್ರು. ಭಾಳೊತ್ತು ನಿಂತು ನೋಡಿದ್ರು. ಆಮ್ಯಾಲ ಮೆಟ್ಲ ಕೆಳಗ ಹೋಗಿ ಚಾದರ ತಗದ್ರು. ಈಗ ಹೊರಗ ಹೋಗ್ಯಾರ."

ಸಂಜೆಯ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತೆ. ಹೆದರಿಕೆಯ ಜೊತೆಗೆ ಒಂದು ಸಮಾಧಾನವೂ ಇತ್ತು. ಕೊನೆಗೂ ಗೊತ್ತಾಯಿತಲ್ಲ. ಅಣ್ಣ ಬೈಯಲಿ, ನಾಲ್ಕು ದಿನ ಮಾತು ಬಿಡಲಿ, ಕ್ಷಮೆ ಕೇಳುತ್ತೇನೆ. ಇನ್ನು ಮೇಲೆ ಸುಳ್ಳು ಹೇಳುವ ಕೆಲಸ ಇರುವುದಿಲ್ಲ.

ಮನೆಯ ಮುಂದೆ ಕಾರು ದೊಡ್ಡ ಗಾಲಿಗಳ ಮೇಲೆ ನಿಂತಿತ್ತು. ಅಣ್ಣ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದ. ಹೆಂಡತಿ ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದಳು. ಅಣ್ಣ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡ.

"ನಾ ಬಂದಾಗ ಗಾಡಿ ಹಳೇ ಗಾಲಿ ಮ್ಯಾಲ ನಿಂತಿತ್ತು. ತಮ್ಮಗ ನನ್ನ ಆಯೇರಿ ಮನಸಿಗಿ ಬಂದಿಲ್ಲ ಅಂತ ಅನಕೊಂಡೆ. ಎದ್ದು ಹೋಗಿಬಿಡ್ಬೇಕು ಅನಸ್ತು," ಎಂದ. ಲೋಟ ಕೆಳಗಿಟ್ಟ. "ಆಮ್ಯಾಲ ನೋಡಿದ್ರ, ನಾಕೂ ಚಾದರದಾಗ ಸುತ್ತಿ ಇಟ್ಟೀದಿ. ಟೈರಿನ ಬಾಜೂಕಿನ ರಬ್ಬರ್ ಕೂದ್ಲ ಸೈತ ಇನ್ನಾ ಉದರಿಲ್ಲ. ಆವಾಗ ತಿಳೀತು. ನೀ ಇನ್ನಾ ಹಂಗೇ ಇದ್ದಿ."

ನನಗೆ ಅರ್ಥವಾಗಲಿಲ್ಲ. ಅಣ್ಣನ ಕಣ್ಣು ಒದ್ದೆಯಾಗಿತ್ತು.

"ನಾ ಅಂಗಡಿಗಿ ನಿಂತ ವರ್ಷ ದೀಪಾವಳಿಗಿ ನಿನಗೊಂದು ಅಂಗಿ ಹೊಲಸಿದ್ದೆ. ನೆನಪದ? ಹಬ್ಬದ ದಿನ ಒಂದ್ ತಾಸು ಹಾಕ್ಕೊಂಡಿ. ಹಾಳಾದೀತಂತ ಮಡಚಿ ಟ್ರಂಕಿನಾಗ ಇಟ್ಟಿ. ಹರಕ ಅಂಗಿ ಹಾಕ್ಕೊಂಡೇ ಸಾಲಿಗಿ ಹೋದಿ. ಅದು ನಿನಗ ಗಿಡ್ಡ ಆಗಿಹೋತು. ಆ ಅಂಗ್ಯಾಗ ನೀ ಸಾಲಿಗಿ ಹೋಗೂದು ಒಂದ್ ದಿನ ನೋಡ್ಬೇಕಂತ ಭಾಳ ಇತ್ತು ನನಗ."

ಅವನು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟ.

"ಹಳೇವು ಮನ್ಯಾಗಿದ್ರ ನೀ ಇವನ್ನ ಮತ್ತ ಕಟ್ಟಿ ಇಡ್ತಿ. ಅದಕ್ಕ ಟೈರ್ ಅಂಗಡಿಯವನ್ನ ಕರದು ಇವನ್ನ ಹಾಕಿಸ್ದೆ, ಅವನ್ನ ಗುಜರಿಯವಗ ಕೊಟ್ಟೆ. ಘಣ ತಗೊಂಡು ಇಲ್ಲೇ ಒಡದು ಚೀಲಕ್ಕ ಹಾಕ್ಕೊಂಡ. ಹಗುರ ಮಾಲು, ನಾಕ್ ಏಟಿಗಿ ಚೂರಾದ್ವು. ಇನ್ನ ಉಳಸಬ್ಯಾಡ ತಮ್ಮಾ. ಈಗ ನಮಗೇನು ಕಮ್ಮಿ ಅದ? ದಿನಾ ಓಡಸು."

ನಾನು ಅಂಗಳದ ಕಡೆ ನೋಡಿದೆ. ಗುಡಿಸಿದ್ದರೂ ಕಲ್ಲಿನ ಸಂದಿಯಲ್ಲಿ ಬಿಳಿ ಲೋಹದ ಒಂದೆರಡು ಚೂರು ಉಳಿದಿದ್ದವು.

"ಛಲೋ ಮಾಡಿದ್ರಿ, ಅಣ್ಣಾ," ಎಂದೆ.

ಆ ಅಂಗಿ ನನಗೆ ಚೆನ್ನಾಗಿ ನೆನಪಿದೆ. ನೀಲಿ ಟೆರಿಲಿನ್ ಬಟ್ಟೆ, ಗಟ್ಟಿ ಕಾಲರು. ಅದನ್ನು ನಾನು ಹಾಳಾದೀತೆಂದು ಎತ್ತಿಟ್ಟಿರಲಿಲ್ಲ. ತೊಟ್ಟ ಒಂದು ತಾಸಿಗೆ ಕತ್ತಿನ ಸುತ್ತ ದದ್ದೆದ್ದು ಉರಿ ತಾಳಲಾಗದೆ ಮಡಚಿಟ್ಟಿದ್ದೆ. ಏಳು ವರ್ಷದವನು, ಆಗಲೂ ಹೇಳಿರಲಿಲ್ಲ.

ಅಣ್ಣ ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಎದ್ದು ಗೋಡೆಯ ಮೊಳೆಯಿಂದ ಕಾರಿನ ಕೀಲಿ ತೆಗೆದುಕೊಂಡೆ.

"ಬರ್ರಿ," ಎಂದೆ. "ಒಂದ್ ಸುತ್ತು ಹೋಗಿ ಬರೂಣು."